ಎಯ್ನಾರ್ ಮೇಸ್ತ್ರಿ ಲೊಚಗುಟ್ಟಿದ್ದು

ಈ ಸರೋವರದ ಪಶ್ಚಿಮ ದಂಡೆಯಲ್ಲಿರುವ ಅಷ್ಟೂ ದೆವ್ವಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ಎರಡರ ಜೊತೆ ಇಸ್ಪೀಟಾಡಿ ಗೆದ್ದೂ ಇದ್ದೇನೆ.

ಸುಳ್ಳು. ಒಂದನ್ನೂ ಕಂಡಿಲ್ಲ. ಇಸ್ಪೀಟಿನಲ್ಲಂತೂ ನನ್ನ ಹೆಂಡತಿಯ ಎದುರೇ ಇವತ್ತಿನವರೆಗೆ ಗೆದ್ದಿಲ್ಲ.

ಆದರೆ ಈಗ ಹೇಳುವುದು ನಡೆದದ್ದು. ನನ್ನ ದೊಡ್ಡಮ್ಮನ ಮಗ ಲಾರುಸ್‌ಗೆ ಆದದ್ದು. ಕುರ್ಚಿ ಹತ್ತಿರ ಎಳೆದುಕೊಳ್ಳಿ. ಅಗೋ, ಅಲ್ಲಿ ರಿಂಕಿನ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುತ್ತಿದ್ದಾರಲ್ಲ, ಅವರಿಗೆ ಕೇಳಿಸಬಾರದು. ಅವರಲ್ಲಿ ಮೂವರ ಮನೆ ಬೆಚ್ಚಗಿಡುವ ಫರ್ನೇಸ್ ನೋಡುತ್ತಿದ್ದವನು ಇವನೇ.

'ನೋಡುತ್ತಿದ್ದವನು' ಅಂದೆನಲ್ಲ, ಅದು ಸಂಬಂಧಿಕ ಅಂತ ಕೊಟ್ಟ ಮರ್ಯಾದೆ.

ನಿಮಗೂ ಗೊತ್ತು. ಹಿಮ ಬೀಳುವ ಮೊದಲು, ಅಕ್ಟೋಬರಿನಲ್ಲಿ, ಮನೆಮನೆಯ ನೆಲಮಾಳಿಗೆಗೆ ಇಳಿದು ಫರ್ನೇಸ್ ಬಿಚ್ಚಬೇಕು. ಉಜ್ಜಬೇಕು. ಒಳಗೆ ಉರಿ ಹೊತ್ತುವ ತಗಡಿನ ಗೂಡು ಬಿರುಕು ಬಿಟ್ಟಿದೆಯೋ ಅಂತ ಕನ್ನಡಿ ಹಿಡಿದು ನೋಡಬೇಕು. ಬಿರುಕು ಬಿಟ್ಟಿದ್ದರೆ ವಾಸನೆಯೇ ಇಲ್ಲದ ವಿಷ ಬಿಸಿಗಾಳಿಯ ಜೊತೆ ಮಲಗುವ ಕೋಣೆಗೆ ಹತ್ತಿ ಬರುತ್ತದೆ. ಮಲಗಿದವರು ಏಳುವುದಿಲ್ಲ. ಅಷ್ಟೇ. ಎಲ್ಲ ನೋಡಿದ ಮೇಲೆ ಫರ್ನೇಸಿನ ಪಕ್ಕದ ತಗಡಿನ ಮೇಲೆ ತಾರೀಖು, ಹೆಸರಿನ ಮೊದಲಕ್ಷರ ಬರೆದು ಬರುವುದು ನಮ್ಮ ಕಡೆಯ ಪದ್ಧತಿ. ಮನೆಯವರು ಆ ಬರಹವನ್ನು ನಂಬಿ ನಿದ್ದೆ ಮಾಡುತ್ತಾರೆ.

ಲಾರುಸ್‌ಗೆ ಬರುತ್ತಿದ್ದದ್ದು ಆ ಬರಹವೊಂದೇ. ಒಂದು ಮನೆಗೆ ಹನ್ನೊಂದು ನಿಮಿಷ. ನಾಲ್ಕು ಕೆಳಗೆ, ಏಳು ಅಡುಗೆಮನೆಯ ಕೇಕಿಗೆ. ಊರಿನವರ ಬಗ್ಗೆ ಅವನಿಗೆ ಎಂಥ ತಾತ್ಸಾರ ಅಂತೀರಿ! "ಫಿಲ್ಟರ್ ಯಾವ್ದು, ಚಾಪೆ ಯಾವ್ದು ಅಂತ ಗೊತ್ತಿಲ್ಲದ ಮುಂಡೇವು. ಇವಕ್ಕೆ ಬಿಚ್ಚಿದ್ರೇನು, ಬಿಟ್ರೇನು?" ಅನ್ನುತ್ತಿದ್ದ. ನಗುತ್ತಾ ಅನ್ನುತ್ತಿದ್ದ. ನಾವೂ ನಗುತ್ತಿದ್ದೆವು. ನಾವೇನು ದೊಡ್ಡ ಮನುಷ್ಯರೇ?

ಹೋದ ಅಕ್ಟೋಬರು. ಮಧ್ಯಾಹ್ನ ಮೂರೂವರೆ. ಲಾರುಸ್ ರುಣಾಳ ಮನೆಯ ಬಾಗಿಲು ತಟ್ಟಿದ. ರುಣಾ ಮೀನಿನ ಶೆಡ್ಡಿನಲ್ಲಿ ಕೆಲಸ ಮಾಡುವವಳು. ಆಗ ಏಳು ತಿಂಗಳ ಬಸುರಿ. ಗಂಡ ದೋಣಿಯ ಜೊತೆ ಹೋದವನು ಇನ್ನೂ ಬಂದಿರಲಿಲ್ಲ.

"ಬೂಟು ಅಲ್ಲೇ ಬಿಡಿ ಲಾರುಸಣ್ಣ, ಈಗಷ್ಟೇ ನೆಲ ಒರೆಸಿದ್ದೀನಿ. ಈ ಸಲನಾದ್ರೂ ಕೆಳಗೆ ಸ್ವಲ್ಪ ಹೊತ್ತು ಇರ್ತೀರೋ, ಕೇಕು ತಿನ್ನೋಕೇ ಬಂದ್ರೋ?"

"ಕೆಲಸ ಗೊತ್ತಿರೋನಿಗೆ ನಾಲ್ಕು ನಿಮಿಷ ಸಾಕಮ್ಮಾ. ಗೊತ್ತಿಲ್ದೋನು ಇಡೀ ದಿನ ಕೂತ್ಕೋತಾನೆ."

"ಅಲ್ಲಾ, ಚಳಿ ಶುರುವಾದಾಗಿಂದ ಬೆಳಿಗ್ಗೆ ಎದ್ರೆ ತಲೆ ಸಿಡೀತಿದೆ. ಶೆಡ್ಡಿಗೆ ಹೋದ್ರೆ ಸರಿಹೋಗುತ್ತೆ. ಮನೆಗೆ ಬಂದ್ರೆ ಮತ್ತೆ ಶುರು."

"ಬಸುರಿಗೆ ತಲೆ ನೋಯದೆ ಕೊಂಬು ಮೂಡುತ್ತಾ?"

"ಗೋಡೆ ಮೇಲಿನ ಗ್ಯಾಸ್ ಅಲಾರಂ ಬೇರೆ ಕಿರುಚ್ತಾ ಇತ್ತು. ಕಿರುಚಿದ್ರೆ ಬ್ಯಾಟರಿ ಕಿತ್ತಾಕು ಅಂತ ಹೋದ್ವರ್ಷ ನೀವೇ ಹೇಳಿದ್ರಲ್ಲ... ಕಿತ್ತಾಕ್ದೆ."

"ಜಾಣೆ," ಅಂದ ಲಾರುಸ್. ಏಳು ಪದರದ ಕೇಕನ್ನು ಒಮ್ಮೆ ಕಣ್ಣಲ್ಲೇ ಅಳೆದು ಕೆಳಗಿಳಿದ.

ಹನ್ನೆರಡು ಮೆಟ್ಟಿಲು. ಪ್ರತಿಯೊಂದೂ ಕಿರ್ರ್ ಅನ್ನುತ್ತದೆ. ಮೆಟ್ಟಿಲ ಬುಡದಲ್ಲೇ ಹಳೆಯ ನೀರಿನ ತೊಟ್ಟಿ. ಮಳೆನೀರು ಹಿಡಿದಿಡುತ್ತಿದ್ದ ಕಾಲದ್ದು. ಬಾವಿಯಷ್ಟು ಆಳ. ಒಣಗಿ ನಲವತ್ತು ವರ್ಷವಾಗಿದೆ. ಲಾರುಸ್ ಹೋಗುತ್ತಾ ಅದರೊಳಗೆ ಉಗಿದ. ಅದು ಅವನ ಅಭ್ಯಾಸ.

ಒಂದು ಕ್ಷಣ ಏನೂ ಇಲ್ಲ...

ಆಮೇಲೆ ಕೆಳಗಿನಿಂದ, ಪ್ಳಕ್. ನೀರಿಗೆ ಬಿದ್ದ ಸದ್ದು.

ಲಾರುಸ್ ನಿಂತ. ಭುಜ ಕುಣಿಸಿದ. ಮುಂದೆ ಹೋದ. ಬಣ್ಣದ ಖಾಲಿ ಡಬ್ಬಿ ಬೋರಲು ಹಾಕಿ ಕೂತ. ಮೇಲಿನವಳಿಗೆ ಕೇಳಲಿ ಅಂತ ಸ್ಪ್ಯಾನರಿನಿಂದ ಕೊಳವೆಗೆ ಬಡಿದ. ಟಣ್... ಟಣ್... ಟಣ್. ಒಂದು ಸಲ ಸುಮ್ಮಸುಮ್ಮನೆ ಕೆಮ್ಮಿದ. ಕೆಲಸ ನಡೆಯುತ್ತಿದೆ ಅಂತ. ಇನ್ನೊಮ್ಮೆ ಬಡಿಯಲು ಕೈಯೆತ್ತಿದ.

ಲೊಚ್.

ನಾಲಿಗೆಯ ಸದ್ದು. ಬೆನ್ನ ಹಿಂದೆ. ಕಿವಿಗೆ ಒಂದು ಗೇಣು.

ಆ ಲೊಚ್ ಇಡೀ ದಂಡೆಯಲ್ಲಿ ಒಬ್ಬನದೇ. ಲಾರುಸ್‌ಗೆ ಕೆಲಸ ಕಲಿಸಿದ ಎಯ್ನಾರ್ ಮೇಸ್ತ್ರಿಯದು. ಮೇಸ್ತ್ರಿ ಯಾರನ್ನೂ ಬೈದವನಲ್ಲ. ಕೆಲಸ ಕೆಡಿಸಿದವನ ಮುಖ ನೋಡಿ ಒಂದು ಸಲ ಲೊಚಗುಟ್ಟಿ ಆಚೆ ತಿರುಗುತ್ತಿದ್ದ. ಬೈಸಿಕೊಳ್ಳುವುದೇ ಎಷ್ಟೋ ವಾಸಿ ಅನ್ನಿಸುತ್ತಿತ್ತು. ಅವನು ಸತ್ತು ಆರು ಚಳಿಗಾಲ ಆಗಿದ್ದವು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಲಾರುಸ್ ಒಬ್ಬ. ನಾನೊಬ್ಬ. ಸರಿ... ನಾನು ಹೂವು ಹಿಡಿದಿದ್ದೆ.

ಲಾರುಸ್ ಟಾರ್ಚ್ ಹಾಕಿ ತಿರುಗಿದ. ಯಾರೂ ಇಲ್ಲ. ಬೆಳಕು ಫರ್ನೇಸಿನ ಪಕ್ಕಕ್ಕೆ ಬಿತ್ತು. ಅಲ್ಲಿ ಅವನದೇ ಬರಹ, ದಪ್ಪ ಕಪ್ಪು ಮಾರ್ಕರಿನಲ್ಲಿ, ವರ್ಷಕ್ಕೊಂದರಂತೆ ಐದು ತಾರೀಖು. ಪ್ರತಿ ತಾರೀಖಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ, ಸಣ್ಣಗೆ, ಓರೆಯಾಗಿ, ಒಂದೇ ಮಾತು.

ಬಿಚ್ಚಿಲ್ಲ.
ಬಿಚ್ಚಿಲ್ಲ.
ಬಿಚ್ಚಿಲ್ಲ.
ಬಿಚ್ಚಿಲ್ಲ.
ಬಿಚ್ಚಿಲ್ಲ.

ಓರೆ ಅಕ್ಷರ ಮೇಸ್ತ್ರಿಯದೇ. ಲಾರುಸ್ ಹೆಬ್ಬೆರಳಿನಿಂದ ಒರೆಸಿದ. ಹೋಗಲಿಲ್ಲ. ಉಗುಳು ಹಚ್ಚಿ ಒರೆಸಿದ. ಅವನ ಮಾರ್ಕರ್ ಬರಹ ಅಳಿಸಿತು, ಪೆನ್ಸಿಲಿನದು ಹಾಗೇ ಇತ್ತು.

ಅಷ್ಟರಲ್ಲಿ ಫರ್ನೇಸ್ ತಾನಾಗಿ ಹೊತ್ತಿಕೊಂಡಿತು. ಟಿಕ್ ಟಿಕ್ ಟಿಕ್... ಫುಫ್. ಇಣುಕುಗಿಂಡಿಯಲ್ಲಿ ಉರಿ ನೀಲಿಯಾಗಿ ನೆಟ್ಟಗೆ ನಿಂತಿತ್ತು. ಅರ್ಧ ನಿಮಿಷ ಕಳೆದು ಫ್ಯಾನು ಶುರುವಾಯಿತು. ಝುಂಮ್ಮ್... ಉರಿ ಹಳದಿಯಾಯಿತು. ಬಾಗಿತು. ಆಚೆ ಈಚೆ ಒದ್ದಾಡಿತು. ಫ್ಯಾನಿನ ಗಾಳಿ ಉರಿಗೆ ತಾಕಕೂಡದು. ತಾಕಿದರೆ ನಡುವಿನ ಗೂಡು ಒಡೆದಿದೆ ಅಂತಲೇ ಅರ್ಥ. ಇದು ಮೇಸ್ತ್ರಿ ಕಲಿಸಿದ ಮೊದಲ ಪಾಠ.

"ಕಂಡಿತಾ?" ಯಾರೋ ಪಿಸುಗುಟ್ಟಿದರು.

"ಮೇ... ಮೇಸ್ತ್ರೀ?"

"ಬಿಚ್ಚು."

ಲಾರುಸ್ ಸ್ವಿಚ್ಚು ಆರಿಸಿದ. ಗ್ಯಾಸು ತಿರುಗಿಸಿದ. ಎಂಟು ಸ್ಕ್ರೂ. ಬಿಚ್ಚುವಾಗ ಮೂರು ಕೆಳಗೆ ಬಿದ್ದವು. ಚೀಲದಿಂದ ಕನ್ನಡಿ ತೆಗೆದ. ಅಂಗಡಿಯ ಬೆಲೆಚೀಟಿ ಅದಕ್ಕಿನ್ನೂ ಅಂಟಿಕೊಂಡಿತ್ತು.

"ಟಾರ್ಚು ಎಲ್ಲಿ ಹಿಡಿದಿದ್ದೀಯೋ? ನಿನ್ನ ಕಾಲುಂಗುಟ ಬಿರುಕು ಬಿಟ್ಟಿದ್ಯಾ?"

ಸರಿಯಾಗಿ ಹಿಡಿದ. ಗೂಡಿನ ಹಿಂಬದಿಯಲ್ಲಿ ನಾಲ್ಕು ಬೆರಳುದ್ದದ ಬಿರುಕು. ಅಂಚಿಗೆಲ್ಲ ಮಸಿ. ಹೆಬ್ಬೆರಳು ತೂರುವಷ್ಟು ಅಗಲ.

"ಎಷ್ಟು ವರ್ಷದ್ದು ಅಂತೀಯ?"

"ಎರಡು... ಮೂರು ಇರ್ಬಹುದು."

"ಪರವಾಗಿಲ್ಲ. ಎಣಿಸೋಕೆ ಬರುತ್ತೆ."

"ಮೇಸ್ತ್ರಿ, ಇದನ್ನ ಹೇಳಿದ್ರೆ ನನ್ನ ಲೈಸೆನ್ಸು ಹೋಗುತ್ತೆ."

"ಯಾವ ಕೆಲಸದ್ದು?"

ನೋಡಿ, ಬೇರೆ ಊರಿನ ದೆವ್ವಗಳು ಕತ್ತು ಹಿಸುಕುತ್ತವೆ, ರಕ್ತ ಕಾರಿಸುತ್ತವೆ. ನಮ್ಮ ಮೇಸ್ತ್ರಿ ಸತ್ತ ಮೇಲೂ ಇವನನ್ನು ಮುಟ್ಟುವಷ್ಟು ಕೂಡ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈಗ ಲಾರುಸ್ ಮಾಡಿದ್ದು ಕೇಳಿ. ಆ ರಾತ್ರಿ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿಳಿಯುತ್ತದೆ ಅಂತ ರೇಡಿಯೋ ಬೆಳಿಗ್ಗೆಯಿಂದ ಹೇಳುತ್ತಿತ್ತು. ಫರ್ನೇಸ್ ಬೆಳಗಿನ ತನಕ ಉರಿಯುತ್ತದೆ, ಮೇಲೆ ಬಸುರಿ ಒಬ್ಬಳೇ ಮಲಗುತ್ತಾಳೆ ಅಂತ ಅವನಿಗೆ ಗೊತ್ತು. ಗೊತ್ತಿದ್ದೂ ತಗಡು ಮುಚ್ಚಿದ. ಸ್ಕ್ರೂ ಬಿಗಿದ. ಗ್ಯಾಸು ತಿರುಗಿಸಿದ. ಸ್ವಿಚ್ಚು ಹಾಕಿದ. ನಾಳೆ ಏನಾದರೂ ನೆಪ ಹೇಳಿ ಬಂದು ಬದಲಾಯಿಸಿದರಾಯಿತು, ಒಂದು ರಾತ್ರಿಯಲ್ಲಿ ಏನಾಗುತ್ತೆ ಅಂತ. ನನ್ನ ರಕ್ತಸಂಬಂಧಿ ಕಣ್ರೀ. ಹೇಳಿಕೊಳ್ಳೋಕೆ ನಾಚಿಕೆ.

ಮೇಲೆ ಬಂದ. ರುಣಾ ಅಡುಗೆಮನೆಯ ನಡುವೆ ನಿಂತಿದ್ದಳು. ಕಾಲ ಬಳಿ ನೆಲದಲ್ಲಿ ಬಿಸಿಗಾಳಿ ಬರುವ ಜಾಲರಿ.

"ಎಲ್ಲಾ ಸರಿ ಇದೆಯಮ್ಮಾ," ಅಂದ.

"ಕೆಳಗೆ ಇನ್ನೊಬ್ಬರು ಯಾರು?"

"ಯಾರಿದ್ದಾರೆ? ಯಾರೂ ಇಲ್ಲ."

"ಮತ್ತೆ, ಲೈಸೆನ್ಸು ಹೋಗುತ್ತೆ ಅಂತ ಯಾರಿಗೆ ಹೇಳಿದ್ರಿ?"

ಫರ್ನೇಸಿನ ಕೊಳವೆಗಳು ಗಾಳಿಯ ಜೊತೆ ಮಾತನ್ನೂ ಹೊತ್ತು ತರುತ್ತವೆ ಅನ್ನುವುದು ಫರ್ನೇಸ್ ಬಿಚ್ಚದವನಿಗೆ ಹೇಗೆ ನೆನಪಿರಬೇಕು?

"ಅವರ ಮಾತೂ ಕೇಳಿಸ್ತು," ಅಂದಳು ರುಣಾ, ತಗ್ಗಿದ ದನಿಯಲ್ಲಿ. "ಎಷ್ಟು ವರ್ಷದ್ದು ಅಂತ ಕೇಳಿದ್ರು. ನೀವು ಮೂರು ಅಂದ್ರಿ. ಏನು ಮೂರು ವರ್ಷದ್ದು?"

"ಅದು..."

ಜಾಲರಿಯೊಳಗಿನಿಂದ, ಬಿಸಿಗಾಳಿಯ ಜೊತೆ, ಮೆಲ್ಲಗೆ... ಲೊಚ್.

ಇಬ್ಬರಿಗೂ ಕೇಳಿಸಿತು.

ಲಾರುಸ್ ಒರೆಸಿದ ನೆಲದ ಮೇಲೇ ಕುಸಿದು ಕೂತು ಎಲ್ಲ ಹೇಳಿದ. ಒಳ್ಳೆಯತನ ಉಕ್ಕಿತು ಅಂದುಕೊಳ್ಳಬೇಡಿ. ಸಿಕ್ಕಿಬಿದ್ದ, ಹೇಳಿದ. ರುಣಾ ಕಿರುಚಲಿಲ್ಲ. ಶೆಡ್ಡಿನಲ್ಲಿ ಕೆಟ್ಟ ಮೀನನ್ನು ಬೇರೆ ತೊಟ್ಟಿಗೆ ಎಸೆಯುವ ಮುಂಚೆ ನೋಡುತ್ತಾರಲ್ಲ, ಹಾಗೆ ನೋಡಿದಳು. ಮೇಜಿನ ಮೇಲಿದ್ದ ಕೇಕಿನ ತಟ್ಟೆ ಎತ್ತಿ ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿದಳು. ಎಲ್ಲ ಕಿಟಕಿ ತೆರೆದಳು.

"ಹೋಗಿ ಆರಿಸಿ ಬಾ. ಬಂದು ಇನ್ಸ್‌ಪೆಕ್ಟರಿಗೆ ಫೋನ್ ಮಾಡು. ನನ್ನೆದುರಿಗೇ ಮಾಡು. ನಂಗೆ ಕೇಳಿಸಬೇಕು."

ಬಹುವಚನ ಅಲ್ಲಿಗೆ ಮುಗಿದಿತ್ತು.

ಅವನು ಮಾಡಿದ. ಲೈಸೆನ್ಸು ಹೋಯಿತು. ಇನ್ಸ್‌ಪೆಕ್ಟರು ಅವನು ಬರೆದ ನಲವತ್ತು ಮನೆಯನ್ನೂ ಮತ್ತೆ ಬಿಚ್ಚಿಸಿ ನೋಡಿದರು. ಇನ್ನೆರಡು ಕಡೆ ಬಿರುಕು ಸಿಕ್ಕಿತು. ರುಣಾ ಆ ರಾತ್ರಿ ಅಕ್ಕನ ಮನೆಯಲ್ಲಿ ಮಲಗಿದಳು. ಬೆಳಿಗ್ಗೆ ತಲೆನೋವಿಲ್ಲದೆ ಎದ್ದಳು. ಕ್ರಿಸ್‌ಮಸ್ ಕಳೆದು ಹೆಣ್ಣುಮಗು ಹುಟ್ಟಿತು. ಅದರ ಅಳು ಮೂರು ಮನೆಗೆ ಕೇಳುತ್ತದೆ. ಲಾರುಸ್ ಈಗ ಇದೇ ರಿಂಕಿನ ಶೌಚಾಲಯ ತೊಳೆಯುತ್ತಾನೆ. ಅದನ್ನೂ ಸರಿಯಾಗಿ ತೊಳೆಯುವುದಿಲ್ಲ. ಹೋಗಿ ನೋಡಿ ಬೇಕಾದರೆ.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ಆ ಹಳೆಯ ಫರ್ನೇಸನ್ನು ರುಣಾಳ ಗಂಡ ಎಳೆದು ತಂದು ಲಾರುಸ್‌ನ ಹಿತ್ತಿಲಿಗೆ ಎಸೆದು ಹೋದ. ಗುಜರಿಯವನು ಬಂದ, ಅದರ ಮೇಲೆ ಅಂಗೈಯಿಟ್ಟ, ಥಟ್ಟನೆ ಕೈ ಎಳೆದುಕೊಂಡು ಹೊರಟುಹೋದ. ಅದಕ್ಕೆ ಗ್ಯಾಸಿಲ್ಲ, ವೈರಿಲ್ಲ. ಈಗ ಹೊರಗೆ ಸೊಂಟದ ತನಕ ಹಿಮ ಬಿದ್ದಿದೆಯಲ್ಲ, ಆ ಫರ್ನೇಸಿನ ಮೇಲೆ ಒಂದು ಚೂರೂ ನಿಂತಿಲ್ಲ. ಊರ ಬೆಕ್ಕುಗಳು ಮೂರು ಅದರ ಮೇಲೆ ಕಾಲು ಚಾಚಿ ಮಲಗಿರುತ್ತವೆ. ಇವತ್ತು ಸಂಜೆಯೂ ಮಲಗಿದ್ದವು. ನಾನೇ ನೋಡಿ ಬಂದೆ.

ನಡೆದದ್ದು ಕಣ್ರೀ ಇದು. ಇದರಲ್ಲಿ ಒಂದು ಮಾತು ಸುಳ್ಳು ಅಂತ ಯಾರಾದರೂ ತೋರಿಸಿಕೊಡಿ, ನನ್ನ ಟೀ ದುಡ್ಡು ನಾನೇ ಕೊಡುತ್ತೇನೆ. ಯಾರೂ ಇಲ್ಲವಾ?... ಹಾಗಾದರೆ ನೀವೇ ಕೊಟ್ಟುಬಿಡಿ. ಎರಡು ಕುಡಿದಿದ್ದೇನೆ.