ಜೊತೆಗೆ ಯಾರಿದ್ದೀರಿ?

ಸರ್ಜರಿ ವಿಭಾಗದ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ರೋಗಿಗಳು ಆಪರೇಷನ್ನಿಗೆ ಬರಲು ಯಾಕೆ ತಡಮಾಡುತ್ತಾರೆ ಎಂದು ಸಮೀಕ್ಷೆ ಮಾಡುತ್ತಿದ್ದ ಹುಡುಗಿಯೊಬ್ಬಳು ಫಾರಂ ಹಿಡಿದು ಅವರನ್ನು ಕೇಳುತ್ತಿದ್ದಳು.

"ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಗೊತ್ತಾಗಿ ಎಷ್ಟು ದಿನ ಆಯ್ತಜ್ಜಿ?"

"ದಿನ ಅಲ್ಲಮ್ಮ, ನಾಲ್ಕು ವರ್ಷ."

"ಅಯ್ಯೋ! ಯಾಕೆ ಬರ್ಲಿಲ್ಲ? ದೂರಾನಾ, ಭಯಾನಾ?"

"ದೂರ ಏನಿಲ್ಲ, ಒಂದೇ ಬಸ್ಸು. ಭಯಾನೂ ಇಲ್ಲ. ಜೊತೆಗೆ ಒಬ್ಬರು ಇರ್ಲೇಬೇಕು ಅಂತಾರಲ್ಲ ಇಲ್ಲಿ. ಅಕ್ಕ ಹೋದ್ಮೇಲೆ ಯಾರನ್ನ ಕರೀಲಿ? ಇವತ್ತು ನೋವು ತಡೀಲಾರ್ದೆ ಒಬ್ಬಳೇ ಬಂದ್ಬಿಟ್ಟೆ."

"ಮೊದ್ಲು ಯಾವ್ದಾದ್ರೂ ಆಪರೇಷನ್ ಆಗಿತ್ತಾ?"

"ಅಪೆಂಡಿಕ್ಸು, ಇದೇ ವಾರ್ಡಲ್ಲಿ. ಅಕ್ಕ ಹತ್ತು ದಿನ ನನ್ನ ಮಂಚದ ಪಕ್ಕ ಚಾಪೆ ಹಾಸ್ಕೊಂಡಿದ್ಲು. ನಗಿಸ್ಬೇಡ ಕಣೇ, ಹೊಲಿಗೆ ಬಿಚ್ಚೋಗತ್ತೆ ಅಂದ್ರೆ, ಡಾಕ್ಟ್ರು ನಡೆಯೋ ಥರ ಇನ್ನೊಂದ್ಸಲ ನಡೆದು ತೋರಿಸೋಳು. ದಿನಾ ಬೆಳಿಗ್ಗೆ ನನಗೆ ಜಡೆ ಹಾಕೋಳು. ಆಮೇಲೆ ಪಕ್ಕದ ಮಂಚದವರಿಗೂ ಹಾಕೋಳು."

"ಇದನ್ನ ಬರೆಯೋಕೆ ಫಾರಂನಲ್ಲಿ ಜಾಗಾನೇ ಇಲ್ವಲ್ಲ ಅಜ್ಜಿ."

"ಅಂಚಲ್ಲಿ ಬರ್ಕೋ."

ಹುಡುಗಿ ಅಂಚಿನಲ್ಲಿ ಬರೆದುಕೊಂಡಳು. ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಅಜ್ಜಿಯ ನಂಬರ್ ಕೂಗಿದರು.

"ಜೊತೆಗೆ ಯಾರಿದ್ದೀರಿ?"

"ಇವಳೇ. ನಮ್ಮಕ್ಕನ ಮೊಮ್ಮಗಳು."

"ಅಜ್ಜೀ, ನಾನು ಬರೀ ಪ್ರಶ್ನೆ ಕೇಳೋಕೆ..."

"ಇನ್ನೂ ಎರಡು ಹಾಳೆ ಬಾಕಿ ಇದೆಯಲ್ಲ, ಒಳಗೆ ಕೇಳುವಂತೆ. ಆ ಚೀಲ ತಗೋ."

ಹುಡುಗಿ ಒಮ್ಮೆ ನರ್ಸ್ ಮುಖ ನೋಡಿ, ಚೀಲ ಎತ್ತಿಕೊಂಡು ಅಜ್ಜಿಯ ಹಿಂದೆ ನಡೆದಳು. ಚೀಲದ ಬಾಯಲ್ಲಿ ಹಲ್ಲು ಮುರಿದ ಹಳೆಯ ಬಾಚಣಿಗೆಯೊಂದು ಕಾಣುತ್ತಿತ್ತು.