ಇಸ್ತ್ರಿ ಅಂಗಿಯವನ ಸಮಾಧಾನ

ಲೈಟು ಇರಲಿ ಬಿಡಿ, ಆರಿಸಬೇಡಿ. ನನಗೆ ಹೆದರಿಕೆ ಅಂತಲ್ಲ. ನನ್ನನ್ನು ಕಂಡರೆ ದೆವ್ವಗಳೇ ದಾರಿ ಬಿಟ್ಟು ಚರಂಡಿಗೆ ಇಳಿಯುತ್ತವೆ, ಊರಿಗೇ ಗೊತ್ತು. ಆದರೆ ಇದು ನನ್ನ ಕತೆಯಲ್ಲ, ನನ್ನ ಚಿಕ್ಕಪ್ಪನ ಮಗನದ್ದು. ಅವನಿಗೆ ನನ್ನ ಧೈರ್ಯದಲ್ಲಿ ಕಾಲು ಪಾಲೂ ಇಲ್ಲ, ಪಾಪ. ಸುಳ್ಳು ಹೇಳುವುದಕ್ಕೂ ಬರುವುದಿಲ್ಲ. ಆ ಕಲೆ ನಮ್ಮ ಮನೆತನದಲ್ಲಿ ನನಗೊಬ್ಬನಿಗೇ ಒಲಿದದ್ದು.

ಅವನ ಕೆಲಸ ಹಳೇ ಬಾವಿ ಶುಚಿ ಮಾಡುವುದು. ಮುಚ್ಚಿಟ್ಟ ಬಾವಿಯ ತಳದಲ್ಲಿ ಗಾಳಿ ಕೆಟ್ಟಿರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಇಳಿದವನು ನಿದ್ದೆ ಬಂದವನ ಹಾಗೆ ಕೂರುತ್ತಾನೆ, ಮತ್ತೆ ಏಳುವುದಿಲ್ಲ. ಅದಕ್ಕೇ ಮೊದಲು ಹಗ್ಗ ಕಟ್ಟಿ ಲಾಟೀನು ಇಳಿಸಬೇಕು. ದೀಪ ಆರಿತೋ, ಯಾರೂ ಇಳಿಯುವ ಹಾಗಿಲ್ಲ. ದೀಪ ಇಳಿಸುವುದು ಇವನ ಪಾಲಿಗೆ ಬಂದ ಕೆಲಸ. ಇವನು 'ಹೂಂ' ಅಂದರೆ ಸಾಕು, ಉಳಿದವರು ಕಣ್ಣು ಮುಚ್ಚಿ ಇಳಿಯುತ್ತಾರೆ.

ಒಂದು ವರ್ಷ ಇವನ ತಮ್ಮ ಬಾವಿಗೆ ಬಿದ್ದು ಸೊಂಟ ಮುರಿದುಕೊಂಡ. ಹಗ್ಗ ಹರಿದಿತ್ತು. ಹೊಸದು ತರಿಸಿ ಅಂತ ಇವನು ಬೇಡಿಕೊಂಡರೂ ಮೇಸ್ತ್ರಿ ಹಳೇದನ್ನೇ ಕೊಟ್ಟಿದ್ದ. ಆಮೇಲೆ ಅದೇ ಮೇಸ್ತ್ರಿ ಊರೆಲ್ಲ ಹೇಳಿಕೊಂಡು ಬಂದ, ಅಣ್ಣನೇ ಕುಡಿದು ಹಗ್ಗ ಕೈಬಿಟ್ಟ ಅಂತ. ತಮ್ಮ ಹಾಸಿಗೆ ಹಿಡಿದ. ಬೇರೆ ಕೆಲಸ ಸಿಗದೆ ಇವನು ಆ ಮೇಸ್ತ್ರಿಯ ಕೈಕೆಳಗೇ ದುಡಿಯುತ್ತಿದ್ದ. ಎದೆಯೊಳಗೆ ಕೆಂಡ.

ಒಂದು ಸಂಜೆ ಚರ್ಚಿನಲ್ಲಿ ಪಾದ್ರಿಗಳು ಕ್ಷಮೆಯ ಬಗ್ಗೆ ಬೋಧಿಸಿದರಂತೆ. ಮುಂದಿನ ಬೆಂಚಿನಲ್ಲಿ ಮೇಸ್ತ್ರಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತ. ಇವನು ಹಲ್ಲು ಕಡಿಯುತ್ತ ಕೂತವನು, ಎದ್ದು ಎಲ್ಲೆಲ್ಲೋ ಅಲೆದು, ಹೊತ್ತು ಮೀರಿದ ಮೇಲೆ ಲಾಟೀನು ಹಿಡಿದು ಮನೆ ಕಡೆ ಹೊರಟ. ದಾರಿ ಹಳೇ ಕಾರ್ಖಾನೆಯ ಹಿಂದಿನ ಬಾವಿಯ ಪಕ್ಕದಲ್ಲೇ. ಮಾರನೇ ದಿನ ಅದೇ ಬಾವಿಯ ಕೆಲಸ. ತಮ್ಮ ಬಿದ್ದಂದಿನಿಂದ ಆಳುಗಳು ಇಳಿಯಲು ಹಿಂಜರಿಯುತ್ತಿದ್ದರಿಂದ ಮೇಸ್ತ್ರಿ ತಾನೇ ಇಳಿಯುತ್ತೇನೆ ಅಂದಿದ್ದ.

ಕಿರ್ರ್... ಟಕ್. ಕಿರ್ರ್... ಟಕ್.

ರಾಟೆ ತಿರುಗುತ್ತಿತ್ತು. ರಾಟೆಗೆ ಹಗ್ಗ ಇರಲಿಲ್ಲ. ಗಾಳಿಯೂ ಇರಲಿಲ್ಲ...

ಕಟ್ಟೆಯ ಮೇಲೆ ಒಬ್ಬ ಕೂತಿದ್ದ. ಕೊಂಬಿಲ್ಲ, ಬಾಲವಿಲ್ಲ. ಬಿಳಿ ಅಂಗಿ, ಇಸ್ತ್ರಿಯ ಗೆರೆ ಕೂಡ ಮಾಸಿಲ್ಲ. ನನಗೆ ಸಿಟ್ಟು ಬರುವುದೇ ಇಲ್ಲಿ. ಕೋರೆಹಲ್ಲು ತೋರಿಸುವ ದೆವ್ವ ಮರ್ಯಾದಸ್ಥ, ತಾನು ಯಾರು ಅಂತ ಮೊದಲೇ ತಿಳಿಸುತ್ತದೆ. ಇದು ಸಮಾಧಾನ ಹೇಳಲು ಬರುವ ಜಾತಿ.

"ನಿಂದೇನೂ ತಪ್ಪಿಲ್ಲಪ್ಪ," ಅಂದನಂತೆ, ಪಿಸುದನಿಯಲ್ಲಿ. "ನಿನ್ನ ತಮ್ಮನ ಕಷ್ಟ ನೋಡೋಕಾಗಲ್ಲ."

ಅಲ್ಲಿಯವರೆಗೆ ಒಬ್ಬರೂ ಆಡದ ಮಾತು. ಇವನು ಲಾಟೀನು ಕೆಳಗಿಟ್ಟ. ಪಕ್ಕದಲ್ಲೇ ಕೂತುಬಿಟ್ಟ, ಬೆಪ್ಪುತಕ್ಕಡಿ. ಎಲ್ಲ ಹೇಳಿಕೊಂಡ. ಪ್ರತಿ ಮಾತಿಗೂ ಆತ, ನಿಂದೇ ಸರಿ, ನಿಂದೇ ಸರಿ ಅನ್ನುತ್ತಿದ್ದ. ಜೇನು ನೆಕ್ಕಿದ ಹಾಗಿತ್ತಂತೆ.

"ನೀನೇನೂ ಮಾಡಬೇಡ... ನಾಳೆ ದೀಪ ಉರೀತಿದೆ ಅಂದುಬಿಡು. ಸಾಕು. ಉಳಿದದ್ದು ಬಾವಿ ನೋಡ್ಕೊಳ್ಳುತ್ತೆ."

ಇವನು ಬೇಡ ಅನ್ನಲಿಲ್ಲ. ಯಾಕೋ ಜೊಂಪು ಹತ್ತಿತು, ಹಿತವಾದ ಜೊಂಪು... ಇಷ್ಟು ಒಳ್ಳೆಯವನ ಮುಖ ನೋಡೋಣ ಅಂತ ಲಾಟೀನು ಎತ್ತಿ ಹಿಡಿದ.

ಉರಿ ಕುಗ್ಗಿತು. ನೀಲಿಯಾಯಿತು. ಪುಸ್... ಆರಿತು.

ಬಾವಿ ಕೆಲಸದವನಿಗೆ ಇದಕ್ಕಿಂತ ಹೆಚ್ಚು ಹೇಳಬೇಕೇ? ತಟ್ಟನೆ ಎದ್ದ. ಎರಡು ಹೆಜ್ಜೆ ಹಿಂದೆ ಸರಿದ, ಸಿಟ್ಟಿಗೆ. ಹೆದರಿಕೆಗೂ ಇರಬಹುದು, ಅವನೇನು ನಾನೇ?

"ಯೇಸುವಿನ ಹೆಸರಲ್ಲಿ ತೊಲಗು," ಅಂದ. "ಅವನ ಮೇಲೆ ನನಗೆ ಸಿಟ್ಟಿದೆ. ಅದನ್ನ ನನ್ನ ಕರ್ತನ ಹತ್ತಿರ ಒಯ್ತೀನಿ. ನಿನ್ನ ಕೈಗೆ ಕೊಡಲ್ಲ."

ಕಟ್ಟೆ ಖಾಲಿ. ಬಾವಿಯೊಳಗೆ ಕಲ್ಲಿಂದ ಕಲ್ಲಿಗೆ ಬರಿಗಾಲು ಇಳಿಯುವ ಸದ್ದು... ಪಚ್. ಪಚ್. ಪಚ್. ಆಮೇಲೆ ಏನೂ ಇಲ್ಲ. ನೀರಿಗೆ ಬಿದ್ದ ಸದ್ದೂ ಇಲ್ಲ.

ಬೆಳಿಗ್ಗೆ ಮೇಸ್ತ್ರಿ ಸೊಂಟಕ್ಕೆ ಹಗ್ಗ ಬಿಗಿದು, ಬಾವಿಯೊಳಗೆ ಒಂದು ಕಾಲು ಇಳಿಬಿಟ್ಟು ಕೂತಿದ್ದ. ಇವನು ಲಾಟೀನು ಇಳಿಸಿದ. ಅರ್ಧಕ್ಕೇ ಆರಿತು. ಮೇಸ್ತ್ರಿ ಆ ಕಡೆ ತಿರುಗಿಯೂ ನೋಡಲಿಲ್ಲ, ಆಳುಗಳನ್ನು ಬೈಯುತ್ತಿದ್ದ. ಬೈಯುತ್ತಲೇ, ಹೂಂ ತಾನೇ, ಅಂತ ಕೇಳಿದ. ಇವನ ನಾಲಿಗೆಯ ತುದಿಯಲ್ಲೇ ಇತ್ತು ಆ ಹೂಂ.

"ಇಳೀಬೇಡಿ," ಅಂದ ನಮ್ಮವನು. "ಸತ್ತುಹೋಗ್ತೀರ."

ಆಮೇಲೆ ಎಲ್ಲರ ಎದುರೇ ಹಳೇ ಹಗ್ಗದ ಕತೆಯನ್ನು ಪೂರ್ತಿ ಬಿಚ್ಚಿದ, ರಸ್ತೆಯ ಆ ತುದಿಗೆ ಕೇಳುವ ಹಾಗೆ. ಮೇಸ್ತ್ರಿ ತಪ್ಪಾಯಿತು ಅಂದನೇ? ಎಲ್ಲಿ ಬಂತು. ಕಾಲು ಹೊರಗೆಳೆದುಕೊಂಡು, ಬಟ್ಟೆ ಕೊಡವಿಕೊಂಡು ಹೋದ. ಇವತ್ತಿಗೂ ಮುಂದಿನ ಬೆಂಚೇ. ಅವನನ್ನು ಕ್ಷಮಿಸಿದೆಯೇನೋ ಅಂತ ನಾನು ಕೇಳಿದರೆ ನಮ್ಮವನು, "ಬೆಳಿಗ್ಗೆ ಕ್ಷಮಿಸ್ತೀನಿ ಅಣ್ಣ, ಮಧ್ಯಾಹ್ನಕ್ಕೆ ಮತ್ತೆ ಉರಿಯುತ್ತೆ, ರಾತ್ರಿ ಮತ್ತೆ ಮೊಣಕಾಲೂರ್ತೀನಿ" ಅನ್ನುತ್ತಾನೆ.

ನಗಬೇಡಿ. ನಾನು ಹುಲಿಯ ಕಿವಿ ಹಿಂಡಿದ್ದು ಸುಳ್ಳಿರಬಹುದು, ಇದು ಸುಳ್ಳಲ್ಲ. ನಾನೇ ಹೋಗಿ ನೋಡಿ ಬಂದಿದ್ದೇನೆ, ಒಬ್ಬನೇ, ಅಂದರೆ ಹಗಲಿನಲ್ಲಿ, ನಾಲ್ಕು ಜನರ ಜೊತೆ. ಆ ಕಟ್ಟೆಯ ಉದ್ದಕ್ಕೂ ಇರುವೆ ಸಾಲು ಹೋಗುತ್ತದೆ. ಆತ ಕೂತಿದ್ದ ಜಾಗ ಬಂದಾಗ ಸಾಲು ಕೆಳಗಿಳಿದು, ಸುತ್ತು ಹಾಕಿ, ಮತ್ತೆ ಹತ್ತುತ್ತದೆ. ಅಲ್ಲಿ ಒಂದು ಹಿಡಿ ಸಕ್ಕರೆ ಸುರಿದು ಬಂದೆ.

ವಾರ ಬಿಟ್ಟು ಹೋದರೆ, ಸಕ್ಕರೆ ಹಾಗೇ ಇತ್ತು.