ಕಾಗದ ನೋಡಿ ಬರೆದ ಔಷಧಿ

ನಾನು ಚಿಕ್ಕವಳಿದ್ದಾಗ ಅಜ್ಜಿ ನನ್ನ ಎದೆಗೆ ತಿಕ್ಕುತ್ತಿದ್ದ ಕರ್ಪೂರದೆಣ್ಣೆಯ ವಾಸನೆ ಮಕ್ಕಳ ಆಸ್ಪತ್ರೆಗೆ ಬಂದಾಗಲೆಲ್ಲ ನೆನಪಾಗುತ್ತದೆ. ಇಂದು ಎದುರಿಗೆ ಕೊರಳಲ್ಲಿ ಉಸಿರಿನ ನಳಿಗೆಯಿದ್ದ ಮಗುವೊಂದು ಆಡುತ್ತಿತ್ತು. ಅದರ ತಾಯಿ ಸಿಟ್ಟಿನಿಂದ ಕುದಿಯುತ್ತಿದ್ದಳು.

"ಮಗೂಗೆ ಜ್ವರ ಇದೆಯೇನೇ, ಇಂಗ್ರಿಡ್?" ಎಂದರು ಅವಳ ಅತ್ತೆ.

"ಇಲ್ಲ ಅತ್ತೆ. ಕಫಾನೂ ಯಾವಾಗ್ಲಿನ ಹಾಗೇ ಬೆಳ್ಳಗಿದೆ."

"ಮತ್ತೆ ಔಷಧಿ ಯಾಕಂತೆ?"

"ಕಫದ ಪರೀಕ್ಷೇಲಿ ಕ್ರಿಮಿ ಸಿಕ್ತಂತೆ! ನಳಿಗೆ ಇಟ್ಟಾಗಿಂದ ಏನೂ ತೊಂದ್ರೆ ಕೊಡದೆ ಅಲ್ಲೇ ಠಿಕಾಣಿ ಹೂಡಿರೋ ಕ್ರಿಮಿ ಅದು. ಹೋದ್ಸಲ ಇದೇ ಔಷಧಿಗೆ ಹತ್ತು ದಿನ ಭೇದಿಯಾಗಿ ಮಗು ಒಣಗಿಹೋಯ್ತು."

"ಡಾಕ್ಟರು ಎದೆ ಮುಟ್ಟಿ ನೋಡಿದ್ರಾ?"

"ಪರೀಕ್ಷೆ ಕಾಗದ ಮುಟ್ಟಿ ನೋಡಿದ್ರು!"

"ಏಳು, ಡಾಕ್ಟರ ಹತ್ರ ಹೋಗೋಣ. ಮಗೂನ ನೋಡೋವರೆಗೂ ಅವರ ಎದುರಿಂದ ಏಳೋದು ಬೇಡ."

ಇಬ್ಬರೂ ಮಗುವನ್ನೆತ್ತಿಕೊಂಡು ಹೊರಟರು. ಡಾಕ್ಟರ ಕೋಣೆಯ ಬಾಗಿಲ ಬಳಿಯ ದಾದಿ ದಾರಿ ಬಿಟ್ಟು, ತನ್ನ ಊಟದ ಸೂಪಿನ ಡಬ್ಬಿಯನ್ನು, "ಎಷ್ಟು ಹೊತ್ತಾಗುತ್ತೋ, ಕುಡೀರಿ" ಎಂದು ಇಂಗ್ರಿಡ್ ಕೈಗಿಟ್ಟಳು.